ಅವಧಿಗೆ ಮುನ್ನ ಹುಟ್ಟಿದ ಮಗು, ಮೆದುಳಿನ ರಕ್ತಸ್ರಾವ ಮತ್ತು ಮುಂದಿನ ವರ್ಷಗಳು

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿಯ ಅಧ್ಯಯನ ಲೇಖನ)



ತಾಯಿಯ ಹೊಟ್ಟೆಯಲ್ಲಿ ಮಗು ಸುಮಾರು 40 ವಾರ ಬೆಳೆಯುತ್ತದೆ. 37 ವಾರ ತುಂಬುವ ಮೊದಲೇ ಹುಟ್ಟಿದರೆ ಅದನ್ನು ಅವಧಿಪೂರ್ವ ಜನನ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ಹೀಗೆ ಹುಟ್ಟಿದರು. ಅದರಲ್ಲಿ ಸುಮಾರು 30 ಲಕ್ಷ ನಮ್ಮ ದೇಶದಲ್ಲೇ. ಇಷ್ಟು ದೊಡ್ಡ ಸಂಖ್ಯೆ ಬೇರೆ ಯಾವ ದೇಶದಲ್ಲೂ ಇಲ್ಲ. ಹಾಗಾಗಿ ನಮ್ಮ ಕಾಲೇಜಿನಲ್ಲಿ ಕುಳಿತಿರುವ ಎಷ್ಟೋ ಜನರ ಮನೆಯಲ್ಲಿ ಅಂಥ ಒಂದು ಮಗು ಇರಬಹುದು. ನಮ್ಮ ನಡುವೆಯೇ ಹಾಗೆ ಹುಟ್ಟಿದವರೂ ಇರಬಹುದು.

ನಾನು ವಿಜ್ಞಾನ ವಿಭಾಗದವಳಲ್ಲ. ನನ್ನ ಖಾಲಾ, ಅಂದರೆ ಚಿಕ್ಕಮ್ಮನ ಮಗಳಿಗೆ 29ನೇ ವಾರದಲ್ಲೇ ಗಂಡು ಮಗು ಹುಟ್ಟಿತು. ತೂಕ 1,150 ಗ್ರಾಂ. ಮೂರನೆಯ ದಿನ ತಲೆಯ ಸ್ಕ್ಯಾನ್ ಮಾಡಿ ಮೆದುಳಿನ ಬಲಭಾಗದಲ್ಲಿ ರಕ್ತಸ್ರಾವವಾಗಿದೆ ಎಂದರು. ಆಸ್ಪತ್ರೆಯ ಕಾಗದವೆಲ್ಲ ಇಂಗ್ಲಿಷ್‌ನಲ್ಲಿತ್ತು, ಆಶಾ ಕಾರ್ಯಕರ್ತೆ ಕನ್ನಡದಲ್ಲಿ ಮಾತಾಡುತ್ತಿದ್ದರು, ಮನೆಯಲ್ಲಿ ಎಲ್ಲರಿಗೂ ಬರುವುದು ಉರ್ದು. ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮಗುವಿಗೆ ಈಗ ಐದು ವರ್ಷ. ಈ ಐದು ವರ್ಷದಲ್ಲಿ ಓದಿ, ಕೇಳಿ ತಿಳಿದದ್ದನ್ನು ಪಾಠದಂತೆ ಇಲ್ಲಿ ಬರೆದಿದ್ದೇನೆ. ನಮ್ಮ ಜೀವಶಾಸ್ತ್ರ ಉಪನ್ಯಾಸಕಿ ಇದನ್ನು ಓದಿ ನೋಡಿಕೊಟ್ಟಿದ್ದಾರೆ.

ರಕ್ತಸ್ರಾವ ಏಕೆ ಆಗುತ್ತದೆ?

ನಮ್ಮ ಮೆದುಳಿನ ಒಳಗೆ ದ್ರವ ತುಂಬಿದ ಕೋಣೆಗಳಿವೆ. ಇವನ್ನು ಕುಹರಗಳು ಎನ್ನುತ್ತಾರೆ. ಗರ್ಭದಲ್ಲಿರುವ ಮಗುವಿಗೆ ಈ ಕುಹರಗಳ ಅಂಚಿನಲ್ಲಿ ಜರ್ಮಿನಲ್ ಮ್ಯಾಟ್ರಿಕ್ಸ್ ಎಂಬ ತಾತ್ಕಾಲಿಕ ಪದರ ಇರುತ್ತದೆ. ಮೆದುಳು ಕಟ್ಟಲು ಬೇಕಾದ ಹೊಸ ಜೀವಕೋಶಗಳು ಇಲ್ಲಿ ಹುಟ್ಟಿ ಬೇರೆ ಕಡೆಗೆ ಸಾಗುತ್ತವೆ. ಕೆಲಸ ಹೆಚ್ಚು ಇರುವುದರಿಂದ ಇಲ್ಲಿ ರಕ್ತನಾಳಗಳೂ ಹೆಚ್ಚು, ಆದರೆ ಅವುಗಳ ಗೋಡೆ ಬಹಳ ತೆಳು. ಸುಮಾರು 34 ವಾರದ ಹೊತ್ತಿಗೆ ಈ ಪದರ ತನ್ನ ಕೆಲಸ ಮುಗಿಸಿ ಕರಗಿಹೋಗುತ್ತದೆ. ತಿಂಗಳು ತುಂಬಿ ಹುಟ್ಟಿದ ಮಗುವಿನಲ್ಲಿ ಇಂಥ ರಕ್ತಸ್ರಾವ ಅಪರೂಪವಾಗಲು ಕಾರಣ ಇದೇ.

28-29 ವಾರದಲ್ಲಿ ಹುಟ್ಟಿದ ಮಗುವಿನಲ್ಲಿ ಆ ಪದರ ಇನ್ನೂ ಇರುತ್ತದೆ. ಶ್ವಾಸಕೋಶ ಬಲಿತಿರುವುದಿಲ್ಲ. ಉಸಿರಾಟ ಏರುಪೇರಾದಾಗ ರಕ್ತದೊತ್ತಡವೂ ಏರುಪೇರಾಗುತ್ತದೆ. ದೊಡ್ಡವರ ಮೆದುಳು ಇಂಥ ಏರಿಳಿತವನ್ನು ತಡೆದುಕೊಳ್ಳುತ್ತದೆ, ಈ ಮಗುವಿನ ಮೆದುಳಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ತೆಳುವಾದ ನಾಳ ಒಡೆಯುತ್ತದೆ. ಹೆಚ್ಚಿನ ರಕ್ತಸ್ರಾವಗಳು ಹುಟ್ಟಿದ ಮೊದಲ 72 ಗಂಟೆಗಳಲ್ಲೇ ಆಗುತ್ತವೆ. ಮಗುವಿನ ನೆತ್ತಿಯ ಮೆತ್ತಗಿನ ಜಾಗದ ಮೇಲೆ ಅಲ್ಟ್ರಾಸೌಂಡ್ ಯಂತ್ರದ ತುದಿಯನ್ನಿಟ್ಟು ಇದನ್ನು ನೋಡುತ್ತಾರೆ. ಮಗುವನ್ನು ಹಾಸಿಗೆಯಿಂದ ಎತ್ತುವ ಅಗತ್ಯವೂ ಇರುವುದಿಲ್ಲ.

ಇಲ್ಲಿ ಒಂದು ಮಾತು ಮುಖ್ಯ. ನಮ್ಮ ಆಪಾಗೆ ಆ ದಿನಗಳಲ್ಲಿ ಬಂದವರೆಲ್ಲ ಕೇಳಿದ್ದು ಒಂದೇ: ಮೆಟ್ಟಿಲು ಹತ್ತಿದೆಯಾ, ಭಾರ ಎತ್ತಿದೆಯಾ, ಏನು ತಿಂದೆ, ಯಾರ ನಜರ್ ತಾಗಿತು? ನಾಳ ಒಡೆಯುವುದು ಮಗು ಹುಟ್ಟಿದ ಮೇಲೆ, ಅದರ ಅಂಗಾಂಗ ಬಲಿಯದ ಕಾರಣಕ್ಕೆ. ತಾಯಿ ಮೆಟ್ಟಿಲು ಹತ್ತಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಮಗುವನ್ನು ಎನ್‌ಐಸಿಯುನಲ್ಲಿ ಬಿಟ್ಟು ಬರಿಗೈಯಲ್ಲಿ ಮನೆಗೆ ಬಂದ ತಾಯಿಯನ್ನು ಆರೋಪಿಯ ಜಾಗದಲ್ಲಿ ನಿಲ್ಲಿಸಬಾರದು.

ನಾಲ್ಕು ಗ್ರೇಡ್‌ಗಳು

1978ರಲ್ಲಿ ಅಮೆರಿಕದ ವೈದ್ಯೆ ಲು-ಆನ್ ಪಪೀಲ್ ಮತ್ತು ಸಂಗಡಿಗರು 1,500 ಗ್ರಾಂಗಿಂತ ಕಡಿಮೆ ತೂಕದ 46 ಶಿಶುಗಳಿಗೆ ಸಿಟಿ ಸ್ಕ್ಯಾನ್ ಮಾಡಿದರು. ಅವರಲ್ಲಿ 20 ಶಿಶುಗಳಿಗೆ ರಕ್ತಸ್ರಾವ ಆಗಿತ್ತು. ಅವರು ಮಾಡಿದ ವಿಂಗಡಣೆಯನ್ನೇ ಇಂದಿಗೂ ವರದಿಗಳಲ್ಲಿ ಬರೆಯುತ್ತಾರೆ.

ಗ್ರೇಡ್ 1: ರಕ್ತ ಆ ತಾತ್ಕಾಲಿಕ ಪದರದಲ್ಲೇ ಉಳಿದಿದೆ.
ಗ್ರೇಡ್ 2: ರಕ್ತ ಕುಹರದೊಳಗೆ ಬಂದಿದೆ, ಆದರೆ ಕುಹರ ಹಿಗ್ಗಿಲ್ಲ.
ಗ್ರೇಡ್ 3: ರಕ್ತ ತುಂಬಿ ಕುಹರ ಹಿಗ್ಗಿದೆ.
ಗ್ರೇಡ್ 4: ಕುಹರದ ಆಚೆ, ಮೆದುಳಿನ ಅಂಗಾಂಶಕ್ಕೇ ಹಾನಿಯಾಗಿದೆ.

ಗ್ರೇಡ್ 4ರ ಬಗ್ಗೆ ತಿಳಿವಳಿಕೆ ಆಮೇಲೆ ಬದಲಾಯಿತು. ಕುಹರದ ರಕ್ತ ಉಕ್ಕಿ ಹರಿದು ಹೀಗಾಗುತ್ತದೆ ಎಂದು ಮೊದಲು ಭಾವಿಸಿದ್ದರು. ರಕ್ತಸ್ರಾವದಿಂದ ಅಲ್ಲಿನ ಅಭಿಧಮನಿಯ ದಾರಿ ಕಟ್ಟಿಕೊಂಡು ಆ ಭಾಗದ ಅಂಗಾಂಶ ನಾಶವಾಗುತ್ತದೆ ಎಂಬುದು ಈಗಿನ ವಿವರಣೆ. ಇದು ಹೆಚ್ಚಾಗಿ ಒಂದೇ ಬದಿಯಲ್ಲಿ ಆಗುತ್ತದೆ. ಮೆದುಳಿನ ಬಲಭಾಗ ದೇಹದ ಎಡಭಾಗವನ್ನು ನಡೆಸುವುದರಿಂದ, ಬಲಕ್ಕೆ ಹಾನಿಯಾದರೆ ಎಡ ಕೈ-ಕಾಲು ಬಲಹೀನ ಆಗಬಹುದು. ನಮ್ಮ ಆಪಾ ಮಗನಿಗೆ ಆಗಿರುವುದು ಇದೇ.

ಗ್ರೇಡ್ ಎಂದರೆ ಹಣೆಬರಹವೇ?

ವರದಿ ಕೈಗೆ ಬಂದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ: "ಮುಂದೆ ನಡೆಯುತ್ತಾನಾ? ಓದುತ್ತಾನಾ?" ಇದಕ್ಕೆ ಹೌದು, ಇಲ್ಲ ಎಂಬ ಉತ್ತರ ಇಲ್ಲ. ಸಂಭವನೀಯತೆ ಮಾತ್ರ ಇದೆ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಭಾಗದಲ್ಲಿ 23ರಿಂದ 28 ವಾರಗಳಲ್ಲಿ ಹುಟ್ಟಿ ಬದುಕುಳಿದ 1,472 ಮಕ್ಕಳನ್ನು ಎರಡು-ಮೂರು ವರ್ಷದ ವಯಸ್ಸಿನಲ್ಲಿ ಪರೀಕ್ಷಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ರಕ್ತಸ್ರಾವ ಆಗದ 1,043 ಮಕ್ಕಳಲ್ಲಿ ಸೆರೆಬ್ರಲ್ ಪಾಲ್ಸಿ ಕಂಡದ್ದು ಶೇ. 6.5ರಷ್ಟು ಮಕ್ಕಳಿಗೆ. ಗ್ರೇಡ್ 1-2 ಆಗಿದ್ದ 336 ಮಕ್ಕಳಲ್ಲಿ ಇದು ಶೇ. 10.4. ಗ್ರೇಡ್ 3-4 ಆಗಿದ್ದ 93 ಮಕ್ಕಳಲ್ಲಿ ಶೇ. 30. ಕಿವುಡುತನ ಕ್ರಮವಾಗಿ ಶೇ. 2.3, 6 ಮತ್ತು 8.6.

ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ರಕ್ತಸ್ರಾವ ಹೆಚ್ಚಾದಷ್ಟೂ ಅಪಾಯ ಹೆಚ್ಚು ಎಂಬುದು ನಿಜ. ಗ್ರೇಡ್ 3-4 ಆದ ಮಕ್ಕಳಲ್ಲೂ ನೂರಕ್ಕೆ 70 ಮಂದಿಗೆ ಸೆರೆಬ್ರಲ್ ಪಾಲ್ಸಿ ಬಂದಿಲ್ಲ ಎಂಬುದೂ ಅಷ್ಟೇ ನಿಜ. ರಕ್ತಸ್ರಾವವೇ ಇಲ್ಲದವರಲ್ಲೂ ಕೆಲವರಿಗೆ ತೊಂದರೆ ಇದೆ, ಏಕೆಂದರೆ ಬಹಳ ಬೇಗ ಹುಟ್ಟುವುದೇ ಮೆದುಳಿಗೆ ಒಂದು ಪೆಟ್ಟು. ಗ್ರೇಡ್ 1-2ರ ವಿಷಯದಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. 2013ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಒಂದೂವರೆ ವರ್ಷದ ಹೊತ್ತಿಗೆ ಈ ಮಕ್ಕಳಿಗೂ ರಕ್ತಸ್ರಾವ ಆಗದವರಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಸೆರೆಬ್ರಲ್ ಪಾಲ್ಸಿ ಎಂಬ ಹೆಸರು ಕೇಳಿ ಗಾಬರಿಯಾಗುವವರಿಗೆ ಒಂದು ವಿವರಣೆ. ಇದು ಚಲನೆ ಮತ್ತು ಭಂಗಿಯ ತೊಂದರೆ. ಇದರಲ್ಲಿ ಐದು ಮಟ್ಟಗಳನ್ನು ಗುರುತಿಸುತ್ತಾರೆ. ಒಂದನೆಯ ಮಟ್ಟದ ಮಗು ನಡೆಯುತ್ತದೆ, ಮೆಟ್ಟಿಲು ಹತ್ತುತ್ತದೆ. ಐದನೆಯ ಮಟ್ಟದ ಮಗುವಿಗೆ ತಲೆ ನಿಲ್ಲಿಸಲೂ ಸಹಾಯ ಬೇಕು. ಹೆಸರು ಒಂದೇ ಆದರೂ ಬದುಕು ಒಂದೇ ಅಲ್ಲ. ನಡೆಯುವುದು ಕಷ್ಟವಾದ ಮಾತ್ರಕ್ಕೆ ಬುದ್ಧಿ ಕಡಿಮೆ ಎಂದೂ ಅರ್ಥವಲ್ಲ. ನಮ್ಮ ಹುಡುಗ ಹುಟ್ಟಿ ಎರಡೂಕಾಲು ವರ್ಷಕ್ಕೆ ನಡೆದ. ಎಡಗಾಲಿಗೆ ಪ್ಲಾಸ್ಟಿಕ್ ಪಟ್ಟಿ ಹಾಕಿಕೊಳ್ಳುತ್ತಾನೆ, ಎಡಗೈಯಲ್ಲಿ ಲೋಟ ಹಿಡಿಯಲು ಆಗುವುದಿಲ್ಲ. ಆದರೆ ಅಂಗಡಿಗೆ ಕಳಿಸಿದರೆ ಚಿಲ್ಲರೆ ಎಷ್ಟು ಬರಬೇಕೆಂದು ಕೇಳುತ್ತಾನೆ.

ಬ್ಯಾಲೆನ್ಸ್ ಶೀಟ್ ಮತ್ತು ಮಗು

ವಾಣಿಜ್ಯದವರಿಗೆ ಗೊತ್ತಿರುವ ಉದಾಹರಣೆ ಕೊಡುತ್ತೇನೆ. ಬ್ಯಾಲೆನ್ಸ್ ಶೀಟ್ ಮಾರ್ಚ್ 31ರಂದು ಸಂಸ್ಥೆ ಹೇಗಿದೆ ಎಂದು ಹೇಳುತ್ತದೆ. ಮುಂದಿನ ಹತ್ತು ವರ್ಷ ವ್ಯಾಪಾರ ಹೇಗೆ ನಡೆಯುತ್ತದೆ ಎಂದು ಹೇಳುವುದಿಲ್ಲ. ಮೂರನೆಯ ದಿನದ ಸ್ಕ್ಯಾನ್ ಕೂಡ ಹಾಗೆಯೇ. ಎರಡನೆಯ ವರ್ಷದಲ್ಲಿ ಮಾಡುವ ಬೆಳವಣಿಗೆಯ ಪರೀಕ್ಷೆಯೂ ಒಂದು ಮಟ್ಟಿಗೆ ಹಾಗೆಯೇ.

ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಮೊರೀನ್ ಹ್ಯಾಕ್ ಮತ್ತು ತಂಡದವರು ಒಂದು ಕಿಲೋಗಿಂತ ಕಡಿಮೆ ತೂಕವಿದ್ದ ಮಕ್ಕಳನ್ನು 20 ತಿಂಗಳಿಗೆ ಒಮ್ಮೆ, 8 ವರ್ಷಕ್ಕೆ ಮತ್ತೊಮ್ಮೆ ಪರೀಕ್ಷಿಸಿದರು. 20 ತಿಂಗಳಿಗೆ ಶೇ. 39 ಮಕ್ಕಳ ಅಂಕ 70ಕ್ಕಿಂತ ಕೆಳಗಿತ್ತು. 8 ವರ್ಷಕ್ಕೆ ಅದು ಶೇ. 16ಕ್ಕೆ ಇಳಿಯಿತು. 2005ರಲ್ಲಿ ಪ್ರಕಟವಾದ ಈ ಫಲಿತಾಂಶ, ಎರಡು ವರ್ಷಕ್ಕೆ ಮೊದಲೇ ಮಗುವಿಗೆ "ಬುದ್ಧಿಮಾಂದ್ಯ" ಎಂದು ಹಣೆಪಟ್ಟಿ ಹಚ್ಚಬಾರದೆಂದು ಕಲಿಸುತ್ತದೆ.

ಯೇಲ್ ವಿಶ್ವವಿದ್ಯಾಲಯದ ಲಾರಾ ಮೆಂಟ್ ಮತ್ತು ತಂಡದ 2003ರ ಅಧ್ಯಯನ ಇನ್ನೂ ಸೂಕ್ಷ್ಮವಾಗಿದೆ. ಬಹಳ ಕಡಿಮೆ ತೂಕದಲ್ಲಿ ಹುಟ್ಟಿದ 296 ಮಕ್ಕಳಲ್ಲಿ ಶಬ್ದಜ್ಞಾನದ ಮಧ್ಯಾಂಕ 3 ವರ್ಷಕ್ಕೆ 88 ಇದ್ದದ್ದು 8 ವರ್ಷಕ್ಕೆ 99 ಆಯಿತು. ಆದರೆ ಎಲ್ಲರೂ ಏರಲಿಲ್ಲ. ಬೇಗನೆ ರಕ್ತಸ್ರಾವವಾಗಿ, ನಂತರ ಮೆದುಳಿಗೆ ಗಂಭೀರ ಹಾನಿಯಾದ ಮಕ್ಕಳ ಅಂಕ ಮೊದಲೇ ಕಡಿಮೆ ಇತ್ತು, ಕಾಲ ಕಳೆದಂತೆ ಇನ್ನೂ ಇಳಿಯಿತು. ತಾಯಿಯ ವಿದ್ಯಾಭ್ಯಾಸ ಹೆಚ್ಚಿದ್ದ ಮನೆಗಳ ಮಕ್ಕಳ ಅಂಕ ಹೆಚ್ಚಿತ್ತು. ಹೆಚ್ಚು ಓದದ ತಾಯಂದಿರ ಮಕ್ಕಳಿಗೆ ಎಳವೆಯಲ್ಲೇ ವಿಶೇಷ ತರಬೇತಿ ಸಿಕ್ಕಿದ್ದಲ್ಲಿ ಅವರೂ ಮೇಲೆ ಬಂದಿದ್ದರು. ಮೆದುಳಿನ ಗಾಯ ಒಂದು ಕಾರಣವಾದರೆ, ಮನೆ ಮತ್ತು ತರಬೇತಿ ಇನ್ನೊಂದು. ಮೊದಲನೆಯದನ್ನು ನಾವು ಬದಲಿಸಲಾಗದು, ಎರಡನೆಯದು ನಮ್ಮ ಕೈಯಲ್ಲಿದೆ.

ನಡೆದಾಡಿ, ಮಾತಾಡಿ ಎಲ್ಲ ಸರಿ ಎನಿಸಿದ ಮಕ್ಕಳಿಗೂ ಶಾಲೆಗೆ ಸೇರಿದ ಮೇಲೆ ಕೆಲವು ತೊಂದರೆ ಕಾಣಿಸಬಹುದು. ಗಮನ ನಿಲ್ಲದಿರುವುದು, ಗಣಿತದಲ್ಲಿ ಹಿಂದೆ ಬೀಳುವುದು, ಬರವಣಿಗೆ ನಿಧಾನ, ಹೇಳಿದ್ದನ್ನು ಕ್ರಮವಾಗಿ ಮಾಡಲಾಗದಿರುವುದು. ಇಂಥ ಮಗುವನ್ನು ಸೋಮಾರಿ ಎನ್ನುವುದು ಸುಲಭ. ಹುಟ್ಟಿನ ಚರಿತ್ರೆ ಶಿಕ್ಷಕರಿಗೆ ಗೊತ್ತಿದ್ದರೆ ಹಾಗೆ ಅನ್ನುವುದಿಲ್ಲ.

ವಯಸ್ಸಿನ ಲೆಕ್ಕ

ಎಲ್ಲ ಮನೆಯವರಿಗೂ ಗೊತ್ತಿರಬೇಕಾದ ಒಂದು ಲೆಕ್ಕ ಇದೆ. ಇದನ್ನು ಸರಿಪಡಿಸಿದ ವಯಸ್ಸು ಎನ್ನುತ್ತಾರೆ. ಮಗು 28 ವಾರಕ್ಕೆ ಹುಟ್ಟಿದೆ ಎನ್ನೋಣ. 40ರಲ್ಲಿ 28 ಕಳೆದರೆ 12 ವಾರ, ಅಂದರೆ ಸುಮಾರು ಮೂರು ತಿಂಗಳು. ಹುಟ್ಟಿ ಒಂಬತ್ತು ತಿಂಗಳಾದಾಗ ಅದರ ಸರಿಪಡಿಸಿದ ವಯಸ್ಸು ಆರು ತಿಂಗಳು. ಪಕ್ಕದ ಮನೆಯ ಒಂಬತ್ತು ತಿಂಗಳ ಮಗು ಕೂರುತ್ತದೆ, ನಮ್ಮದು ಕೂರುವುದಿಲ್ಲ ಎಂದು ಅಳುವ ಮೊದಲು ಈ ಲೆಕ್ಕ ಮಾಡಬೇಕು. ಎರಡು ವರ್ಷ ತುಂಬುವವರೆಗೆ ಹೀಗೆ ಎಣಿಸುತ್ತಾರೆ. ಲಸಿಕೆಗೆ ಮಾತ್ರ ಈ ಲೆಕ್ಕ ಇಲ್ಲ. ಅದಕ್ಕೆ ಹುಟ್ಟಿದ ದಿನದಿಂದಲೇ ಎಣಿಕೆ.

ಇದರ ಜೊತೆಗೆ ಎಚ್ಚರಿಕೆಯ ಗುರುತುಗಳೂ ಗೊತ್ತಿರಬೇಕು. ಸರಿಪಡಿಸಿದ ವಯಸ್ಸಿನಲ್ಲಿ ನಾಲ್ಕು ತಿಂಗಳಾದರೂ ಕುತ್ತಿಗೆ ನಿಲ್ಲದಿರುವುದು, ಒಂಬತ್ತು ತಿಂಗಳಾದರೂ ಕೂರದಿರುವುದು, ಕಾಲುಗಳು ಬಿಗಿಯಾಗಿ ಕತ್ತರಿಯಂತೆ ಅಡ್ಡವಾಗುವುದು, ಒಂದು ವರ್ಷಕ್ಕೆ ಮೊದಲೇ ಒಂದೇ ಕೈಯನ್ನು ಬಳಸುವುದು. ಕೊನೆಯದನ್ನು ನೋಡಿ ನಮ್ಮ ದಾದಿ "ಬಲಗೈ ಬಂಟ" ಎಂದು ಖುಷಿಪಟ್ಟಿದ್ದರು. ಅಷ್ಟು ಎಳೆಯ ಮಗು ಎರಡೂ ಕೈ ಬಳಸಬೇಕು. ಹಾಗೆ ಬಳಸದಿದ್ದರೆ ಇನ್ನೊಂದು ಕೈ ಬಲಹೀನ ಇರಬಹುದು. "ತಾನೇ ಸರಿಹೋಗುತ್ತೆ, ಕಾಯೋಣ" ಎಂಬ ಮಾತು ಇಲ್ಲಿ ನಷ್ಟ ತರುತ್ತದೆ. ಮೊದಲ ಎರಡು-ಮೂರು ವರ್ಷ ಮೆದುಳು ಹೊಸದನ್ನು ಕಲಿಯುವ ಶಕ್ತಿ ಹೆಚ್ಚು. ದುವಾ ಮಾಡುವುದೂ ಫಿಸಿಯೋಥೆರಪಿ ಮಾಡಿಸುವುದೂ ಜೊತೆಜೊತೆಗೆ ನಡೆಯಬೇಕು.

35 ಡಾಲರ್ ಮತ್ತು 650 ಡಾಲರ್

ಕೆಲವು ಮಕ್ಕಳಲ್ಲಿ ಹೆಪ್ಪುಗಟ್ಟಿದ ರಕ್ತ ಮೆದುಳಿನ ದ್ರವದ ದಾರಿಯನ್ನು ತಡೆಯುತ್ತದೆ. ದ್ರವ ತುಂಬಿ ತಲೆ ವೇಗವಾಗಿ ದೊಡ್ಡದಾಗುತ್ತದೆ. ಇದು ಹೈಡ್ರೋಸೆಫಾಲಸ್. ಆಗ ಕುಹರದಿಂದ ಹೊಟ್ಟೆಯೊಳಗೆ ಚರ್ಮದ ಕೆಳಗೆ ಒಂದು ಸಣ್ಣ ಕೊಳವೆ ಹಾಕುತ್ತಾರೆ. ಇದಕ್ಕೆ ಶಂಟ್ ಎಂದು ಹೆಸರು. ಅದು ಕಟ್ಟಿಕೊಳ್ಳಬಹುದು, ಸೋಂಕು ತಗಲಬಹುದು. ಶಂಟ್ ಇರುವ ಮಗುವಿಗೆ ವಾಂತಿ, ಜ್ವರ, ತಲೆನೋವು, ಅತಿಯಾದ ಮಂಪರು ಕಂಡರೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ನನಗೆ ಬಹಳ ಇಷ್ಟವಾದ ಸಂಗತಿ ಇಲ್ಲಿದೆ. ಭಾರತದಲ್ಲಿ ತಯಾರಾಗುವ ಛಾಬ್ರಾ ಶಂಟ್‌ನ ಬೆಲೆ ಆಗ ಸುಮಾರು 35 ಡಾಲರ್ ಇತ್ತು. ಪಾಶ್ಚಾತ್ಯ ಕಂಪನಿಯ ಒಂದು ಶಂಟ್‌ಗೆ ಸುಮಾರು 650 ಡಾಲರ್. ಉಗಾಂಡಾದಲ್ಲಿ ಶಸ್ತ್ರವೈದ್ಯ ಬೆಂಜಮಿನ್ ವಾರ್ಫ್ 195 ಮಕ್ಕಳಲ್ಲಿ ಇವೆರಡನ್ನು ಹೋಲಿಸಿ 2005ರಲ್ಲಿ ಪ್ರಕಟಿಸಿದರು. ಒಂದು ವರ್ಷದ ಫಲಿತಾಂಶದಲ್ಲಿ ಗಮನಾರ್ಹ ವ್ಯತ್ಯಾಸ ಇರಲಿಲ್ಲ. ಬೆಲೆಯೇ ಬೇರೆ, ಮೌಲ್ಯವೇ ಬೇರೆ ಎಂದು ಅರ್ಥಶಾಸ್ತ್ರದಲ್ಲಿ ಓದುತ್ತೇವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಉರ್ದುವೋ ಕನ್ನಡವೋ?

ಆಪಾ ಮಗನಿಗೆ ಮಾತು ತಡವಾಯಿತು. ಆಗ ಪರಿಚಯದವರೊಬ್ಬರು, ಮನೆಯಲ್ಲಿ ಉರ್ದು, ಅಂಗನವಾಡಿಯಲ್ಲಿ ಕನ್ನಡ, ಅದಕ್ಕೇ ಮಗುವಿಗೆ ಗೊಂದಲ, ಉರ್ದು ಬಿಡಿ ಎಂದರು. ಇದು ತಪ್ಪು ತಿಳಿವಳಿಕೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ತಾಯಿ ತನಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಮಗುವಿನೊಂದಿಗೆ ಹೆಚ್ಚು ಹೆಚ್ಚು ಮಾತಾಡಬೇಕು. ಮಾತು ತಡವಾದರೆ ಮೊದಲು ಮಾಡಿಸಬೇಕಾದದ್ದು ಕಿವಿಯ ಪರೀಕ್ಷೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸಕ್ಕೆಂದೇ ಇದೆ.

ಕಣ್ಣಿನ ಪರೀಕ್ಷೆಯೂ ಅಷ್ಟೇ ಮುಖ್ಯ. ಅವಧಿಗೆ ಮುನ್ನ ಹುಟ್ಟಿದವರ ಕಣ್ಣಿನ ಅಕ್ಷಿಪಟಲಕ್ಕೆ ಬರುವ ಆರ್‌ಒಪಿ ಎಂಬ ತೊಂದರೆಗೆ ಸಮಯಕ್ಕೆ ಚಿಕಿತ್ಸೆ ಕೊಡದಿದ್ದರೆ ದೃಷ್ಟಿ ಹೋಗಬಹುದು. ನಮ್ಮ ದೇಶದಲ್ಲಿ 34 ವಾರಕ್ಕೆ ಮುನ್ನ ಅಥವಾ 2 ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿಗೆ 30 ದಿನದೊಳಗೆ ಕಣ್ಣಿನ ಪರೀಕ್ಷೆ ಆಗಬೇಕು. ಇದಕ್ಕಾಗಿ ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಿಂದ ಕಿಡ್‌ರಾಪ್ ಎಂಬ ಯೋಜನೆಯನ್ನು ಹಳ್ಳಿಗಾಡಿನ ಆಸ್ಪತ್ರೆಗಳವರೆಗೆ ಒಯ್ದಿದೆ.

ತಡೆಯಲು ಸಾಧ್ಯವೇ?

ಪೂರ್ತಿ ಅಲ್ಲ, ಆದರೆ ಕಡಿಮೆ ಮಾಡಬಹುದು. 1972ರಲ್ಲಿ ನ್ಯೂಜಿಲೆಂಡ್‌ನ ಲಿಗ್ಗಿನ್ಸ್ ಮತ್ತು ಹೋವಿ ಎಂಬ ವೈದ್ಯರು, ಬೇಗ ಹೆರಿಗೆಯಾಗುವ ಲಕ್ಷಣವಿರುವ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ ಎಂದು ತೋರಿಸಿದರು. ಇದರಿಂದ ಮೆದುಳಿನ ರಕ್ತಸ್ರಾವವೂ ಕಡಿಮೆಯಾಗುತ್ತದೆ ಎಂದು ನಂತರದ ಅಧ್ಯಯನಗಳು ಹೇಳಿದವು. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ 2,852 ತಾಯಂದಿರಲ್ಲಿ ನಡೆಸಿ 2020ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ನಮ್ಮ ಬೆಳಗಾವಿಯೂ ಸೇರಿತ್ತು. ಚುಚ್ಚುಮದ್ದು ಪಡೆದ ಗುಂಪಿನಲ್ಲಿ ನವಜಾತ ಶಿಶುಗಳ ಸಾವು ಶೇ. 19.6, ಪಡೆಯದ ಗುಂಪಿನಲ್ಲಿ ಶೇ. 23.5. ಮದ್ದು ಅಗ್ಗದ್ದು. ಆದರೆ ಅದು ಕೆಲಸ ಮಾಡಲು ಹೆರಿಗೆಗೆ ಮೊದಲು ಸಮಯ ಬೇಕು. ಹಾಗಾಗಿ ಏಳನೇ ತಿಂಗಳಲ್ಲಿ ಹೊಟ್ಟೆ ನೋವು ಬಂದರೆ "ಗ್ಯಾಸ್ ಇರಬೇಕು, ಬೆಳಿಗ್ಗೆ ನೋಡೋಣ" ಎನ್ನದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಎಲ್ಲಿಗೆ ಹೋಗಬೇಕು?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಇದೆ. ಇದರ ಅಡಿಯಲ್ಲಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಗಳಿವೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ಹೇಳುತ್ತಾರೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸೆರೆಬ್ರಲ್ ಪಾಲ್ಸಿ ಸೇರಿದೆ. ಶೇ. 40 ಅಥವಾ ಹೆಚ್ಚು ಅಂಗವೈಕಲ್ಯ ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಗುರುತಿಗೆ ಯುಡಿಐಡಿ ಕಾರ್ಡ್ ಮಾಡಿಸಬೇಕು. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ರಕ್ಷಣೆ ಇದ್ದು, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ತೆರಿಗೆ ಪಾಠ ಓದಿದವರಿಗೆ 1961ರ ಕಾಯ್ದೆಯ 80ಡಿಡಿ ಕಲಂ ನೆನಪಿರಬಹುದು. ಅವಲಂಬಿತರ ಅಂಗವೈಕಲ್ಯಕ್ಕೆ 75,000 ರೂ., ತೀವ್ರವಾಗಿದ್ದರೆ 1,25,000 ರೂ. ಕಡಿತವನ್ನು ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಕೊಟ್ಟಿತು. ನಾವು ಅಂಕಕ್ಕಾಗಿ ಓದುವ ಇಂಥ ಸಾಲುಗಳು ಯಾವುದೋ ಮನೆಯಲ್ಲಿ ವರ್ಷದ ಥೆರಪಿ ಖರ್ಚಾಗಿರುತ್ತವೆ.

ಬರುವ ಜೂನ್‌ನಲ್ಲಿ ನಮ್ಮ ಹುಡುಗ ಶಾಲೆಗೆ ಸೇರಬೇಕು. ಒಂದು ಶಾಲೆಯವರು "ಮುಂದಿನ ವರ್ಷ ನೋಡೋಣ" ಎಂದಿದ್ದಾರೆ. ಅವನಿಗೆ ಬೇಕಿರುವುದು ದೊಡ್ಡದೇನಲ್ಲ. ಕೆಳಗಿನ ಮಹಡಿಯಲ್ಲಿ ತರಗತಿ, ಬರೆಯಲು ಸ್ವಲ್ಪ ಹೆಚ್ಚು ಸಮಯ, ಓಡಲಾಗದಾಗ ನಗದ ಗೆಳೆಯರು. 2018ರ ಕೇಂದ್ರ ಸರ್ಕಾರದ ಮಾರ್ಗಸೂಚಿ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಹೇಳಿತು. ಸಮಯ ಕಾಗದದಲ್ಲಿ ಸಿಗುತ್ತದೆ. ಗೆಳೆಯರು ತರಗತಿಯಲ್ಲೇ ಸಿಗಬೇಕು.

ನಮ್ಮ ಕಾಲೇಜಿನಲ್ಲಿ ನಿಧಾನ ಬರೆಯುವವರು, ಕುಂಟುತ್ತ ಬರುವವರು, ಒಂದು ಕೈಯಲ್ಲೇ ಪುಸ್ತಕ ತೆಗೆಯುವವರು ಇದ್ದಾರೆ. ಅವರಲ್ಲಿ ಯಾರ ಹಿಂದೆ ಎನ್‌ಐಸಿಯುನ ಎಷ್ಟು ದಿನಗಳಿವೆ ಎಂದು ನಮಗೆ ಗೊತ್ತಿಲ್ಲ, ಕೇಳಬೇಕಾಗಿಯೂ ಇಲ್ಲ. ಮೆಟ್ಟಿಲ ಬಳಿ ಒಂದು ನಿಮಿಷ ನಿಂತು ಜೊತೆಗೆ ಹೋದರೆ ಸಾಕು.